ನಮ್ಮ ಸಣ್ಣಾವ ಅಡಿಗಿ ಮಾಡ್ತಾನ

ಮೊದಲ ಒಂದು ಸುಳ್ಳು ಒಪ್ಪಿಕೊಂಡುಬಿಡ್ತೀನಿ. ನಮ್ಮ ಸಣ್ಣಾವ ಬೆಂಗಳೂರಾಗ ಹೊಟೇಲ್ ಮ್ಯಾನೇಜರ್ ಇದ್ದಾನ ಅಂತ ನಾ ನಿಮ್ಮೆಲ್ಲಾರ ಮುಂದ ಹೇಳಿಕೋತ ಬಂದೀನಿ. ಅರಿಷಿಣ ಕುಂಕುಮಕ್ಕ ಬಂದಾಗ ಹೇಳೀನಿ, ಮದುವಿಮನ್ಯಾಗ ಹೇಳೀನಿ, ಹಿಂದಿನ ಓಣಿಯವರು ಕೇಳಿದಾಗಂತೂ ಇನ್ನೂ ಜೋರಾಗಿ ಹೇಳೀನಿ. ಅಂವ ಮ್ಯಾನೇಜರ್ ಅಲ್ಲ. ಅಂವ ಅಡಿಗಿ ಮಾಡ್ತಾನ.

ಹೊಟೇಲ್ ಮ್ಯಾನೇಜ್‌ಮೆಂಟ್ ಕಲ್ತಾನ ಅನ್ನೂದು ಖರೇ. ಆ ಮ್ಯಾನೇಜ್‌ಮೆಂಟಿನ ಬಾಲ ಕತ್ತರಿಸಿ ಮ್ಯಾನೇಜರ್ ಮಾಡಿದಾಕಿ ನಾನ. ನಮ್ಮ ಮನಿಯವರು ಸುಳ್ಳು ಹೇಳಲಿಲ್ಲ, ಖರೇನೂ ಹೇಳಲಿಲ್ಲ. ಯಾರರೆ ಕೇಳಿದ್ರ “ಬೆಂಗಳೂರಾಗ ಇದ್ದಾನ” ಅಂತ ಅಷ್ಟ ಅಂದು ಮಳಿ ಬೆಳಿ ಮಾತು ತಗೀತಿದ್ರು.

ಅವಗ ಕನ್ಯಾ ನೋಡ್ಲಿಕ್ಕೆ ಹತ್ತಿ ಎರಡು ವರ್ಷ ಆತು. ಎರಡು ಸಂಬಂಧ ಇನ್ನೇನು ಆತು ಅನ್ನೂದರಾಗ ಬಿಟ್ಟು ಹೋದ್ವು. ಅಂವ ಖರೇ ಏನ್ ಮಾಡ್ತಾನ ಅಂತ ಗೊತ್ತಾದ ಕೂಡಲೇ ಒಬ್ಬರು ಜಾತಕ ಕೂಡಂಗಿಲ್ಲ ಅಂದ್ರು. ಇನ್ನೊಬ್ಬರು ನೇರವಾಗೇ “ಅಡಿಗಿ ಭಟ್ಟಗ ಹೆಂಗ ಕೊಡೂದ್ರೀ” ಅಂದ್ರು. ಆ ಎರಡನೇದವರ ಮಗಳ ಬಯೋಡಾಟಾ ನನ್ನ ಫೋನಿನಾಗ ಇನ್ನೂ ಅದ. ಅದರಾಗ “ಅಡಿಗಿ ಛಲೋ ಮಾಡ್ತಾಳ” ಅಂತ ಬರದದ. ಹುಡುಗಿಗೆ ಬಂದ್ರ ಗುಣ, ಹುಡುಗಗ ಬಂದ್ರ ದೋಷ. ನಾನೂ ಅಷ್ಟ, ಅವರಿಗೆ ಏನೂ ಅನ್ನಲಿಲ್ಲ. ಸುಳ್ಳು ಹೇಳಿದಾಕಿಗೆ ಅನ್ಲಿಕ್ಕೆ ಬಾಯಿ ಎಲ್ಲಿರ್ತದ?

ಹೋದ ತಿಂಗಳ ಫೋನ್ ಮಾಡಿದ. ಇಂದಿರಾನಗರದಾಗ ಹೊಸಾ ರೆಸ್ಟೋರೆಂಟ್ ಸುರು ಆಗ್ಯದ, ಅಲ್ಲಿ ಸೇರೀನಿ ಅಂದ. ಏಷ್ಯಾದ ಅಡಿಗಿ, ಯುರೋಪಿನ ಅಡಿಗಿ ಎರಡೂ ಕೂಡಿಸಿ ಮಾಡ್ತಾರಂತ. “ಅವ್ವಾ, ಒಮ್ಮೆ ಬಂದು ಉಂಡು ಹೋಗು.” ಅಂವ ಕೆಲಸಕ್ಕ ಹತ್ತಿ ಒಂಬತ್ತು ವರ್ಷ ಆತು, ಮೊದಲು ಮೂರು ವರ್ಷ ಗೋವಾದಾಗಿದ್ದ, ಆಮ್ಯಾಲೆ ಬೆಂಗಳೂರು. ಒಮ್ಮೆಯೂ ಬಾ ಅಂತ ಕರದಿದ್ದಿಲ್ಲ. ನಾ ಹೊರಗ ಉಪ್ಪಿಟ್ಟು ತಿನ್ನಬೇಕಾದ್ರೂ ಉಳ್ಳಾಗಡ್ಡಿ ಹಾಕೀರೇನು ಅಂತ ಕೇಳಾಕಿ ಅನ್ನೂದು ಅವಗ ಗೊತ್ತು. ಕರದಾನ ಅಂದ್ರ ಏನೋ ಅದ ಅನಸ್ತು. ನಮ್ಮವರಿಗೆ ಬರ್ತೀರೇನು ಅಂದೆ. ಪೇಪರ್ ಮಡಚಿ “ನನಗ ಹೊರಗಿಂದು ಆಗಿಬರಂಗಿಲ್ಲ” ಅಂದ್ರು. ಹೊಟ್ಟಿ ಮ್ಯಾಲೆ ಹಾಕಿದ್ರ ಯಾವ ಮಾತೂ ಮುಗೀತದ.

ವಿಜಯನಗರದಾಗ ನಮ್ಮ ಅಣ್ಣನ ಮನ್ಯಾಗ ಇಳಕೊಂಡೆ. ನಮ್ಮ ವೈನಿ ಗೊತ್ತಲ್ಲ ನಿಮಗ, ತಾವೂ ಬರ್ತೀನಿ ಅಂತ ಗಂಟು ಬಿದ್ರು. “ಚೈನೀಸೂ ಇಂಗ್ಲೀಷೂ ಕಲಸಿದ್ರ ಏನ್ ರುಚಿ ಬಂದೀತು? ಒಂದಕ್ಕೂ ಧರ್ಮ ಇರಂಗಿಲ್ಲ” ಅಂತ ಸೀರಿ ಉಟಗೋತನ ಸುರು ಮಾಡಿದ್ರು. ಮೆಟ್ರೋ ಹತ್ತೂಕಿಂತ ಮೊದಲ ಅಯ್ಯಂಗಾರ್ ಬೇಕರ್ಯಾಗ ಎರಡು ಖಾರಾ ಬನ್ ಕಟ್ಟಿಸಿಕೊಂಡು ಪರ್ಸಿನಾಗ ಇಟಗೊಂಡ್ರು. ಅಲ್ಲೆ ನಮಗ ತಿನ್ನೂವಂಥಾದ್ದು ಏನೂ ಇರಲಿಲ್ಲಂದ್ರ ಉಪವಾಸ ಬರೂದು ಬ್ಯಾಡ ಅಂತ.

ಒಳಗ ಹೋದ್ರ ಕತ್ತಲಿ. ಮಧ್ಯಾಹ್ನ ಒಂದೂವರಿಗೆ ಕತ್ತಲಿ. ವೈನಿ ಮೆಲ್ಲಗ “ಕರೆಂಟ್ ಹೋಗ್ಯದೇನು?” ಅಂದ್ರು. ಮೇಜಿನ ಮ್ಯಾಲೆ ಒಂದು ಕಡೆ ಕಡ್ಡಿ, ಒಂದು ಕಡೆ ಚಮಚ, ಫೋರ್ಕು. ಕೈಲೆ ಉಣ್ಣೂದು ಅನ್ನೂದು ಆ ಮೇಜಿಗೆ ಗೊತ್ತಿದ್ದಂಗ ಕಾಣಲಿಲ್ಲ. ಮೆನು ಓದಿದೆ. ಆರು ಕಡಬಿಗೆ 540 ರೂಪಾಯಿ. ಓದಿ ಮುಚ್ಚಿಟ್ಟೆ. ಅಡಿಗಿಮನಿಗೂ ನಮಗೂ ನಡುವ ಬರೇ ಒಂದು ಗಾಜಿನ ಗ್ವಾಡಿ, ಎಲ್ಲಾ ಕಾಣ್ತದ. ಐದಾರು ಹುಡುಗರು ಕರೀ ಏಪ್ರನ್ ಕಟಗೊಂಡು ಓಡಾಡ್ಲಿಕತ್ತಿದ್ರು. ಅದರಾಗ ನನ್ನ ಮಗ ಯಾವಾವ ಅಂತ ಹುಡುಕಬೇಕಾತು. ತಲಿಗೆ ಅರಿವಿ ಕಟಗೊಂಡಿದ್ದ. ಬಗ್ಗಿ ನಿಂತಿದ್ದ ರೀತಿಗೆ ಗುರುತು ಸಿಕ್ಕಿತು.

ಅಂವನ ಬಂದು ಏನೇನು ತರ್ತೀನಿ ಅಂತ ಹೇಳಿದ. ಇಲ್ಲೊಂದು ಮಾತು, ನೀವು ಯಾರರೆ ಮಕ್ಕಳ ಜೋಡಿ ಇಂಥಾ ಕಡೆ ಹೋದ್ರ ಉಪಯೋಗ ಆದೀತು. ಜಪಾನಿನ ಸಾರಿಗೆ ಬರೇ ಕಾಯಿಪಲ್ಯ ಹಾಕಿರ್ತಾರ, ನೋಡ್ಲಿಕ್ಕೆ ನಮ್ಮದ ಅನಸ್ತದ, ಆದ್ರ ಆ ಸಾರಿನ ಕಟ್ಟು ಒಣಗಿಸಿದ ಮೀನಿಂದು ಇರ್ತದಂತ. ವಿಯೆಟ್ನಾಮಿನ ಪಲ್ಯಕ್ಕ ಮೀನಿನ ರಸ ಹಾಕ್ತಾರಂತ. ಇನ್ನ ಇಟಲಿ ಕಡೆದ್ದು ಪಾರ್ಮೆಸಾನ್ ಅಂತ ಗಟ್ಟಿ ಚೀಜ್ ಇರ್ತದಲ್ಲ, ಹಾಲು ಒಡಸ್ಲಿಕ್ಕೆ ಆಕಳ ಕರುವಿನ ಹೊಟ್ಟ್ಯಾಗಿನ ಅಂಶ ಬಳಸ್ತಾರಂತ. ಚೀಜ್ ಅಂದ್ರ ಹಾಲಿಂದು, ಹಾಲಿಂದಂದ್ರ ನಡೀತದ ಅಂತ ನಾ ತಿಳಕೊಂಡಿದ್ದೆ. ಇಷ್ಟು ವರ್ಷ ಇದನ್ನ ನಮಗ ಯಾರೂ ಹೇಳಿದ್ದಿಲ್ಲ. ಕೇಳಿ ತಿನ್ರಿ. “ನಿಮ್ಮಿಬ್ಬರಿಗೂ ಬ್ಯಾರೆ ಪಾತ್ರ್ಯಾಗ ಮಾಡೀನಿ ಅವ್ವಾ. ಸಾರಿಗೆ ಸಮುದ್ರದ ಸೊಪ್ಪು, ಒಣಾ ಅಣಬಿ ಅಷ್ಟ. ಚೀಜ್ ಹಾಕಿಲ್ಲ, ತತ್ತಿ ಇಲ್ಲ” ಅಂದ. ವೈನಿ ಬ್ಯಾರೆ ಪಾತ್ರಿ ಅನ್ನೂ ಮಾತಿಗೆ ಸಮಾಧಾನ ಆದ್ರು. ಪರ್ಸಿನ ಮ್ಯಾಲಿನ ಕೈ ಮಾತ್ರ ತಗೀಲಿಲ್ಲ.

ಸಾರಿನ ಬಗ್ಗೆ ಹೆಚ್ಚೇನಿಲ್ಲ. ಬಿಸಿ ಇತ್ತು. ಒಗ್ಗರಣಿ ಇಲ್ಲದ ಸಾರು ನನಗ ಸಾರು ಅನಸಂಗಿಲ್ಲ.

ಆಮ್ಯಾಲೆ ಕಡಬು ಬಂತು. ಇಷ್ಟು ದೊಡ್ಡ ತಾಟಿನಾಗ ಆರ ಆರು, ಅರ್ಧಚಂದ್ರದ್ದು. ತಳ ಕೆಂಪಗ ಹುರಿದು, ಆಮ್ಯಾಲೆ ನೀರು ಗೊಜ್ಜಿ, ಮುಚ್ಚಿ ಹಬಿ ಹಿಡಸೂದು ಜಪಾನಿನ ರೀತಿಯಂತ. ಒಳಗ ಕೆಂಪು ಕುಂಬಳಕಾಯಿ ಹೂರಣ ತುಂಬೂದು ಇಟಲಿ ದೇಶದಾಗ ಮಂಟೋವಾ ಅನ್ನೂ ಊರಿನ ಪದ್ಧತಿಯಂತ. ಕೆಳಗ ಬೆಣ್ಣಿ ಜೋಡಿ ಮೀಸೋ ಅಂತ ಒಂದು ಗೊಜ್ಜು. ಸೋಯಾ ಕಾಳು ಕುದಿಸಿ, ಬೂಷ್ಟು ಹಿಡಿಸಿದ ಅಕ್ಕಿ ಮತ್ತ ಉಪ್ಪು ಕೂಡಿಸಿ ತಿಂಗಳಗಟ್ಟಲೆ ಇಟ್ಟು ಮಾಡ್ತಾರಂತ. ನಮ್ಮ ಮನ್ಯಾಗ ಅಕ್ಕಿಗೆ ಬೂಷ್ಟು ಬಂದ್ರ ಮುಸುರಿ ಬುಟ್ಟಿಗೆ ಹೋಗ್ತದ, ಅಲ್ಲೆ ಅದು ರೊಕ್ಕ ಕೊಟ್ಟು ತರೂವಂಥಾ ಮಾಲು.

ನಾ ಚಮಚ ಕೈಯಾಗ ಹಿಡಕೊಂಡು ಹಂಗ ಕೂತೆ. ಆ ಕಡಬಿನ ಅಂಚು ನೋಡ್ಲಿಕತ್ತಿದ್ದೆ. ದೀಪಾವಳಿ ಕರ್ಚಿಕಾಯಿ ಅಂಚು ನಾವು ಹೆಂಗ ಮಡಚ್ತೀವಿ, ನೆನಪು ಮಾಡ್ಕೋರಿ. ಸುಮಾರು ಮಂದಿ ಈಗ ಚಿರಕಾ ಓಡಿಸಿ ಕತ್ತರಿಸ್ತಾರ, ಇಲ್ಲಾ ಅಚ್ಚಿನಾಗ ಹಾಕಿ ಒತ್ತತಾರ. ನಮ್ಮ ಅತ್ತಿಯವರು ಕೈಲೇನ ಮಡಚ್ತಿದ್ರು. ಹೆಬ್ಬೆಟ್ಟಿಲೆ ಅಂಚು ಒಳಗ ತಂದು, ತೋರಬೆಟ್ಟಿಲೆ ಒತ್ತಿ, ಮತ್ತ ಅರ್ಧ ಸರಿಸಿ ಅದರ ಮ್ಯಾಲೆ ಇನ್ನೊಂದು, ಜಡಿ ಹೆಣದಂಗ. ನನಗ ಕಲಸಬೇಕಾದ್ರ ಕೈ ಮ್ಯಾಲೆ ಹೊಡದು ಕಲಿಸ್ಯಾರ. ಸಣ್ಣಾವಗ ಏಳೆಂಟು ವರ್ಷ ಇದ್ದಾಗ ಪಟಾಕ್ಷಿ ಸದ್ದಿಗೆ ಅಂಜಿ ಹೊರಗ ಹೋಗ್ತಿದ್ದಿಲ್ಲ. ನನ್ನ ಮಗ್ಗಲಿಗೆ ಕೂತು ಕರ್ಚಿಕಾಯಿ ಮಡಚ್ತಿದ್ದ. ನಮ್ಮವರು ನೋಡಿ “ಎದ್ದು ಹೊರಗ ಹೋಗಲೇ, ಹೆಂಗಸರ ಕೆಲಸ” ಅಂತಿದ್ರು. ಎದ್ದು ಹೋಗಂವ, ಅವರು ಆ ಕಡೆ ಹೋದ ಮ್ಯಾಲೆ ತಿರುಗಿ ಬರಂವ.

ಆ ಆರು ಕಡಬಿನ ಮ್ಯಾಲೆ ಅದ ಜಡಿ ಇತ್ತು.

ವೈನಿಗೆ ನಾ ಅದನ್ನ ಹೇಳಲಿಲ್ಲ. ಅವರು ಅಷ್ಟೊತ್ತಿಗೆ ಎರಡು ತಿಂದು ಮುಗಿಸಿ “ಕುಂಬಳಕಾಯಿ ಛಲೋ ಬಾಡಸ್ಯಾನ” ಅಂತ ಮೂರನೇದಕ್ಕ ಕೈ ಹಾಕಿದ್ರು. ನನಗ ಉಪ್ಪು ಒಂದು ಚಿಟಿಕಿ ಕಡಿಮಿ ಅನಸ್ತು. ಮೀಸೋ ಉಪ್ಪಿಂದ ಅಂತ ಹೂರಣಕ್ಕ ಕೈ ಹಿಡದು ಹಾಕಿದಂಗ ಇತ್ತು.

ಕಡೀಕ ಒಂದು ಸಣ್ಣ ಸಣ್ಣ ಬನ್ನು ತಂದಿಟ್ಟ. ಮುರದ್ರ ಒಳಗ ಕೆಂಪು ಹೂರಣ. ಅಲಸಂದಿ ಬಳಗದ್ದ ಒಂದು ಜಪಾನಿ ಕಾಳು, ಕುದಿಸಿ ಸಕ್ರಿ ಹಾಕಿ ಅರದದ್ದು. ಯಾಲಕ್ಕಿ ಇಲ್ಲ, ಜಾಜಿಕಾಯಿ ಇಲ್ಲ, ಆದ್ರೂ ಹೂರಣ ಹೂರಣನ. ಅದರ ಕಥಿ ಹೇಳಿದ. ಜಪಾನಿನಾಗ ಕಿಮುರಾ ಯಾಸುಬೇ ಅಂತ ಒಬ್ಬ ಸಮುರಾಯಿ ಇದ್ದನಂತ. ಕಾಲ ಬದಲಾಗಿ ಕತ್ತಿ ಹಿಡಿಯೂ ಕೆಲಸ ಹೋತು, ಟೋಕಿಯೋದಾಗ ಬೇಕರಿ ತಗದ. ಅಲ್ಲಿಯ ಮಂದಿಗೆ ಬಿಳೇರ ಬ್ರೆಡ್ಡು ಹಿಡಸವಲ್ತು. ಆವಾಗ ಬ್ರೆಡ್ಡಿನೊಳಗ ಅವರ ಸಿಹಿ ಹೂರಣ ತುಂಬಿ ಮಾರ್ಲಿಕ್ಕೆ ಸುರು ಮಾಡಿದ. 1875ರಾಗ ಅವರ ಚಕ್ರವರ್ತಿಗೂ ಅದನ್ನ ಕೊಟ್ರಂತ. ಸಮುರಾಯಿ ಅಂದ್ರ ನಮ್ಮ ಕಡೆ ದೇಸಾಯರ ವಾಡೇದವರು ಇದ್ದಂಗ ಇರಬೇಕು. ದೇಸಾಯರ ಮನಿ ಮಗ ಬನ್ನು ಸುಡ್ತಾನ ಅಂದಾಗ ಅವನ ಬೀಗರು ಏನಂದಿದ್ದಾರು ಅಂತ ನನ್ನ ತಲ್ಯಾಗ ಬಂತು.

ಮೂರು ಗಂಟೆ ಸುಮಾರಿಗೆ ಗಿರಾಕಿ ಕಡಿಮಿ ಆದ್ರು. ಸಣ್ಣಾವ ಬಂದು ನಮ್ಮ ಜೋಡಿ ಕೂತ. ವೈನಿ ಬಿಡಬೇಕಲ್ಲ, “ಎಲ್ಲಾ ಛಲೋ ಅದ ಬಿಡು, ಆದ್ರ ಹಿಂಗ ಊರ ಊರ ಅಡಿಗಿ ಕಲಸೂದು ಯಾಕ? ಅವರವರ ಅಡಿಗಿ ಅವರವರಿಗೆ ಚಂದ” ಅಂದ್ರು.

“ಮಾಮಿ, ನಿಮ್ಮ ಪರ್ಸಿನಾಗ ಏನದ?” ಅಂದ. ವಾಸನಿ ಹತ್ತಿತ್ತಂತ ಅವಗ.

ವೈನಿ ನಾಚಿಕೊಂಡು ಪೊಟ್ಟಣ ತಗದ್ರು. “ಇದೇನು ಮತ್ತ? ಮೈದಾ ಹುದುಗು ಬರಿಸಿ ಭಟ್ಟ್ಯಾಗ ಸುಡೂದು ಯುರೋಪಿನವರದು. ಅದರಾಗ ಹಸಿಮೆಣಸಿನಕಾಯಿ, ಕೊತ್ತಂಬ್ರಿ, ಉಳ್ಳಾಗಡ್ಡಿ ಹಾಕಿದವರು ಅಯ್ಯಂಗಾರರು. ಇಂದಿರಾನಗರದಾಗ ನಾವು ಮಾಡೂದು ಇದನ್ನ. ಇವರು 540 ತಗೋತಾರ, ಅಷ್ಟ” ಅಂದ. ಆ ‘ಇವರು’ ಅನ್ನೂದನ್ನ ಭಾಳ ಮೆಲ್ಲಗ ಅಂದ.

ಆಮ್ಯಾಲೆ ಅವನ ಮಾತು ಹೊಂಟಿತು. ಮನ್ಯಾಗ ಎಂದೂ ಅಷ್ಟು ಮಾತಾಡಿದಾವ ಅಲ್ಲ. ಪೋರ್ಚುಗೀಸರು 1510ರಾಗ ಗೋವಾ ಹಿಡದ್ರು, 1543ರಾಗ ಜಪಾನಿಗೆ ಮುಟ್ಟಿದ್ರು. ಅವರ ಭಾಷಾದಾಗ ಬ್ರೆಡ್ಡಿಗೆ ಪಾಂವ್ ಅಂತಾರ. ಗೋವಾದಾಗ ಅದು ಪಾವು ಆತು, ಜಪಾನಿನಾಗ ಪಾನ್ ಆತು. ಹಿಟ್ಟಿನಾಗ ಅದ್ದಿ ಕಾಯಿಪಲ್ಯ ಕರಿಯೂದು, ನಮ್ಮ ಭಜಿ ಇದ್ದಂಗ, ಅದನ್ನ ಜಪಾನಿನವರು ಕಲತದ್ದು ಇವರ ಕಡಿಂದ. ಟೆಂಪೂರಾ ಅಂತ ಕರದು ಈಗ ತಮ್ಮದ ಅಂತಾರ. ವಿಯೆಟ್ನಾಮಿನಾಗ ಫ್ರೆಂಚರು ಬಿಟ್ಟು ಹೋದ ಉದ್ದನ್ನ ಬ್ರೆಡ್ಡಿನಾಗ ಅಲ್ಲಿಯವರು ಉಪ್ಪಿನಕಾಯಿ ಹಾಕಿದ ಗಜ್ಜರಿ, ಮೂಲಂಗಿ, ಕೊತ್ತಂಬ್ರಿ ತುಂಬಿ ತಿಂತಾರ. ನಮ್ಮ ಧಾರವಾಡದಾಗ ಸಂಜಿಗೆ ಗಾಡಿ ಗಾಡಿ ಮ್ಯಾಲೆ ಮಾರೂ ಗೋಬಿ ಮಂಚೂರಿ ಚೀನಾದಾಗ ಹುಡುಕಿದ್ರ ಸಿಗಂಗಿಲ್ಲಂತ. 2024ರಾಗ ನಮ್ಮ ಸರ್ಕಾರ ಅದಕ್ಕ ಬಣ್ಣ ಹಾಕಬ್ಯಾಡ್ರಿ ಅಂತ ಹುಕುಂ ಮಾಡ್ತಲ್ಲ, ಪಾಪ ಚೀನಾದವರಿಗೆ ಆ ಸುದ್ದಿ ಏನೂ ಗೊತ್ತಿರಲಿಕ್ಕಿಲ್ಲ.

“ಅವ್ವಾ, ನಾವು ಬಟಾಟಿ ಅಂತೀವಲ್ಲ, ಇಲ್ಲಿ ಬೆಂಗಳೂರಿನವರು ಆಲೂಗಡ್ಡೆ ಅಂತ ನಗ್ತಾರ. ಬಟಾಟಿ ಪೋರ್ಚುಗೀಸರ ಶಬ್ದ. ಚಾವಿ ಅವರದು. ಪಗಾರ ಅವರದು.”

ಪಗಾರ ಅನ್ನೂದೂ ಅವರದ ಶಬ್ದಂತ ನನಗ ಗೊತ್ತಿರಲಿಲ್ಲ. ಮೂವತ್ಮೂರು ವರ್ಷ ಮೂರು ಹೊತ್ತು ಅಡಿಗಿ ಮಾಡೀನಿ, ಬಟಾಟಿ ಎಷ್ಟೋ ಚೀಲ ಸುಲದೀನಿ. ಆ ಇನ್ನೊಂದು ಶಬ್ದ ಮಾತ್ರ ನಮ್ಮ ಅಡಿಗಿಮನಿಗೆ ಬರಲೇ ಇಲ್ಲ.

ಹಿರೇರ ತಿಥಿ ನೆನಪು ತಗದ. ನಮ್ಮ ಮಾವನವರ ತಿಥಿಗೆ ಬಟಾಟಿ ಇಲ್ಲ, ಟೊಮ್ಯಾಟೋ ಇಲ್ಲ, ಮೆಣಸಿನಕಾಯಿ ಇಲ್ಲ, ಖಾರಕ್ಕ ಕರಿಮೆಣಸು. ಸಣ್ಣಾವ ಇದ್ದಾಗ “ಅಜ್ಜಗ ಬಟಾಟಿ ಪಲ್ಯ ಸೇರ್ತಿದ್ದಿಲ್ಲೇನು?” ಅಂತ ಕೇಳ್ತಿದ್ದ. ತಿಥಿಗೆ ಬರಂಗಿಲ್ಲಪಾ ಅಂತ ಅಷ್ಟ ಹೇಳ್ತಿದ್ದೆ, ಯಾಕ ಅಂತ ನನಗೂ ಯಾರೂ ಹೇಳಿದ್ದಿಲ್ಲ. ಈಗ ಅಂವ ನನಗ ಹೇಳಿದ. ಮೆಣಸಿನಕಾಯಿ, ಬಟಾಟಿ, ಟೊಮ್ಯಾಟೋ ಮೂರೂ ಅಮೇರಿಕಾ ಖಂಡದ ಬೆಳಿ. ಯುರೋಪಿನವರು ಹಡಗ ಹತ್ತಿ ಬಂದ ಮ್ಯಾಲೆ ನಮಗ ಸಿಕ್ಕಿದ್ದು. ತಿಥಿ ಅಡಿಗಿ ಮಾತ್ರ ಅದಕ್ಕಿಂತ ಹಿಂದಿಂದು, ಅದನ್ನ ಯಾರೂ ಬದಲ ಮಾಡಲಿಲ್ಲ. “ಐನೂರು ವರ್ಷದ ಹಿಂದ ನಮ್ಮ ಮನ್ಯಾಗ ಏನ್ ಉಣ್ತಿದ್ರು ಅಂತ ನೋಡಬೇಕಂದ್ರ ತಿಥಿ ಎಲಿ ನೋಡಬೇಕು” ಅಂದ. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ನಮ್ಮ ಕಡೆ ಅಡಿಗಿ ಹೆಂಗ ಇದ್ದೀತು ಅಂತ ನಾವು ಮೂರೂ ಮಂದಿ ಒಂದು ಗಳಿಗಿ ಸುಮ್ಮನ ಕೂತ್ವಿ. ವೈನಿ ಅಂತೂ ಭಾಳ ಹೊತ್ತು ಸುಮ್ಮನಿದ್ರು, ಅದೂ ಒಂದು ವಿಶೇಷ.

ಕೇಳಬಾರದು ಅಂತ ಮಾಡಿದ್ದೆ, ಕೇಳಿಬಿಟ್ಟೆ.

“ಮೀನು ಮಾಂಸ ಎಲ್ಲಾ ನೀನ ಮಾಡ್ತಿಯೇನು?”

“ಮಾಡ್ತೀನಿ ಅವ್ವಾ.”

“ರುಚಿ ನೋಡದ ಉಪ್ಪು ಹೆಂಗ ಹಾಕ್ತಿ?”

ಗಾಜಿನ ಆ ಕಡೆ ನೋಡಿದ. ಆಮ್ಯಾಲೆ ನಕ್ಕ. “ನೀ ನೈವೇದ್ಯದ ಅಡಿಗಿಗೆ ಹೆಂಗ ಹಾಕ್ತಿ ಅವ್ವಾ, ಹಂಗ.”

ಮಾತು ಛಲೋ ಇತ್ತು, ಉತ್ತರ ಮಾತ್ರ ಅಲ್ಲ. ನೈವೇದ್ಯದ ಅಡಿಗಿ ನಾವು ರುಚಿ ನೋಡಂಗಿಲ್ಲ, ಕೈ ಅಳತಿ ಮ್ಯಾಲೆ ಹಾಕ್ತೀವಿ, ಅದು ಖರೇ. ಆದ್ರ ದಿನಕ್ಕ ನೂರು ಮಂದಿಗೆ, ದಿನಾ ಹೊಸಾದು ಮಾಡಾಂವಗ ಅದು ಸಾಧ್ಯ ಇಲ್ಲ. ಒಂದೂವರಿಯಿಂದ ಮೂರರ ತನಕ ಆ ಗಾಜಿನ್ಯಾಗಿಂದ ನಾ ಅವನನ್ನ ನೋಡೀನಿ. ಎಷ್ಟು ಸಲ ಚಮಚ ಬಾಯಿಗೆ ಹೋತು, ಎಷ್ಟು ಸಲ ಅದನ್ನ ತೊಳಿಯೂ ಡಬ್ಬಿಗೆ ಒಗದು ಇನ್ನೊಂದು ತಗೊಂಡ ಅನ್ನೂದನ್ನೂ ನೋಡೀನಿ. ನಾ ಮತ್ತ ಕೇಳಲಿಲ್ಲ. ನಿಮ್ಮೊಳಗ ಯಾರರೆ “ನಾ ಇದ್ರ ಕೇಳ್ತಿದ್ದೆ” ಅಂತೀರಿ. ಕೇಳ್ರಿ ಬೇಕಾದ್ರ. ನನಗ ಆ ಹೊತ್ತಿಗೆ ಬ್ಯಾಡನಸ್ತು. ಇವತ್ತಿಗೂ ಮನಸ್ಸು ಪೂರ್ತಿ ಒಪ್ಪ್ಯಾದ ಅಂತ ಸುಳ್ಳು ಹೇಳಂಗಿಲ್ಲ, ಸುಳ್ಳು ಒಂದು ಸಾಕಾಗ್ಯದ.

“ಊಟ ಆತೇನು ನಿಂದು?” ಅಂದೆ.

“ಇನ್ನ.”

“ಎಷ್ಟೊತ್ತಿಗೆ ಉಣ್ತಿ?”

“ಎಲ್ಲಾರದೂ ಆದ ಮ್ಯಾಲೆ.”

ಒಳಗಿನಿಂದ ಯಾರೋ ಕರದ್ರು. ಎದ್ದ. ಅಂಗಿ ತೋಳು ಮ್ಯಾಲೆ ಸರದಿತ್ತು, ಮುಂಗೈ ಮ್ಯಾಲೆ ಸುಟ್ಟ ಗೆರಿ ಎರಡು, ಒಂದು ಹಳೇದು, ಒಂದು ಹೊಸಾದು. ಹೋಳಿಗಿ ಹಂಚು ತಾಗಿ ನನಗೂ ಅದ ಜಾಗಾದಾಗ ಕಲಿ ಅದ. ವೈನಿ ಪೊಟ್ಟಣ ಮುಂದ ಹಿಡದ್ರು. “ತಗೋ, ನಮಗ ಹೊಟ್ಟಿ ತುಂಬ್ಯದ.” ಅಂವ ಒಂದು ಖಾರಾ ಬನ್ ತಗೊಂಡು ಹಿಂದಿನ ಬಾಗಲದ ಹತ್ರ ನಿಂತು ತಿಂದ. ನಿಂತ. ಐದು ಗುಕ್ಕಿಗೆ ಮುಗಿಸಿ, ಕೈ ಏಪ್ರನ್ನಿಗೆ ಒರಸಿಕೊಂಡು ಒಳಗ ಹೋದ. ನಾ ನಮ್ಮ ಮನ್ಯಾಗ ಎಷ್ಟು ವರ್ಷ ಹಂಗ ಕಟ್ಟಿ ಮುಂದ ನಿಂತು ಉಂಡೀನಿ ಅಂತ ಮೆಟ್ರೋದಾಗ ಬರೂ ಮುಂದ ಎಣಸ್ಲಿಕ್ಕೆ ಹೋಗಿ ಬಿಟ್ಟೆ.

ಬಿಲ್ಲು ನಮಗ ಕೊಡಗೊಡಲಿಲ್ಲ. ಅವನ ಪಗಾರದಾಗ ಹಿಡೀತಾರೇನೋ ಅಂತ ವೈನಿಗೆ ಚಿಂತಿ ಆತು.

ಧಾರವಾಡಕ್ಕ ತಿರುಗಿ ಬಂದು ಎರಡು ದಿನ ನಮ್ಮವರು ಏನೂ ಕೇಳಲಿಲ್ಲ. ಮೂರನೇ ದಿನ ಊಟಕ್ಕ ಕೂತಾಗ, ಹುಳಿ ಕಲಸಿಕೋತ, ತಾಟು ನೋಡಿಕೋತ ಕೇಳಿದ್ರು.

“ಹೆಂಗ ಮಾಡ್ತಾನ?”

“ಛಲೋ ಮಾಡ್ತಾನ. ಒಂದರಾಗ ಉಪ್ಪು ಒಂದು ಚಿಟಿಕಿ ಕಡಿಮಿ ಇತ್ತು.”

“ಹೇಳಿದಿಯೇನು?”

“ಇಲ್ಲ.”

“ಹೇಳಬೇಕಾಗಿತ್ತು” ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, “ಫೋನ್ ಹಚ್ಚು, ನಾ ಹೇಳ್ತೀನಿ” ಅಂದ್ರು. ಹಚ್ಚಿ ಕೊಟ್ಟೆ. ಉಪ್ಪಿನ ಮಾತು ಹೇಳಿದ್ರು, ಅಲ್ಲಿ ಮಳಿ ಅದೇನು ಅಂತ ಕೇಳಿದ್ರು, ಇಟ್ಟುಬಿಟ್ರು.

ಆ ವಾರದಾಗ ಗದಗ ಕಡಿಂದ ಒಂದು ಫೋನ್ ಬಂದಿತ್ತು. ಹುಡುಗಿ ಬಿ.ಕಾಂ. ಆಗ್ಯದ, ಬ್ಯಾಂಕಿನ್ಯಾಗ ಅದಾಳ. ಹುಡುಗಿ ಕಾಕು ಮಾತಾಡಿದ್ರು. ಕುಲ ಗೋತ್ರ ಎಲ್ಲಾ ಮುಗದ ಮ್ಯಾಲೆ ಹುಡುಗ ಏನ್ ಮಾಡ್ತಾನ್ರೀ ಅಂದ್ರು. ನಮ್ಮವರು ಎದುರಿಗೆ ಪೇಪರ್ ಹಿಡಕೊಂಡು ಕೂತಿದ್ರು. ಹಾಳಿ ತಿರುವೂ ಸದ್ದು ನಿಂತಿತ್ತು.

“ಅಡಿಗಿ ಮಾಡ್ತಾನ್ರೀ” ಅಂದೆ. “ಬೆಂಗಳೂರಾಗ ದೊಡ್ಡ ರೆಸ್ಟೋರೆಂಟಿನ್ಯಾಗ. ಮೀನು ಮಾಂಸಾನೂ ಮಾಡಬೇಕಾಗ್ತದ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲೆ, ಮನ್ಯಾಗ ಕೇಳಿ ಹೇಳ್ತೀವ್ರೀ ಅಂದ್ರು.

ಇವತ್ತಿಗೆ ಹನ್ನೊಂದು ದಿನ ಆತು. ಫೋನ್ ಇನ್ನೂ ಬಂದಿಲ್ಲ.